ಹಾಸನದ ಜೆರಾಕ್ಸ್ ಅಂಗಡಿಯ ಅಣ್ಣನಿಗೆ

ಹತ್ತಕ್ಕೆ ಶಿಕ್ಷಕರ ಕಾರ್ಯಾಗಾರ. ಒಂಬತ್ತಕ್ಕೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಪೆನ್‌ಡ್ರೈವ್ ತೆರೆದರೆ ಅದರಲ್ಲಿದ್ದ ಪಠ್ಯಕ್ರಮ ನಕ್ಷೆಯ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೊರದೇಶದ ಶಾಲೆಗಳಲ್ಲಿ ಕಲಿಸಿ ಬಂದು ಈಗ ಸ್ವತಂತ್ರವಾಗಿ ಪಠ್ಯಕ್ರಮ ಸಲಹೆ ಕೊಡುವ ನನಗೆ ಆ ನಕ್ಷೆಯೇ ಆಧಾರ: ಮೊದಲು ಕಲಿಕಾ ಫಲ, ಆಮೇಲೆ ಮೌಲ್ಯಮಾಪನ, ಕೊನೆಗೆ ಚಟುವಟಿಕೆ.

"ಇದು ನುಡಿ ತಂತ್ರಾಂಶದ ಹಳೇ ಫಾಂಟ್ ಮೇಡಂ, ಈ ಸಿಸ್ಟಮ್‌ನಲ್ಲಿಲ್ಲ" ಎಂದ ಅಣ್ಣ ಫೈಲನ್ನು ಈಗಿನ ಕಂಪ್ಯೂಟರುಗಳೆಲ್ಲ ಓದುವ ಯೂನಿಕೋಡ್‌ಗೆ ಬದಲಿಸಿದರು. ಹಾಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುವುದುಂಟು. 'ವರ್ಗ' ಹೋಗಿ 'ವಗರ್' ಆಗಿತ್ತು. ಪೆನ್ಸಿಲ್ ತುದಿಯನ್ನು ಪರದೆಯ ಮೇಲೆ ಸಾಲುಸಾಲಾಗಿ ಓಡಿಸುತ್ತ ಒಂದೊಂದನ್ನೂ ತಿದ್ದಿದರು. ಆರು ಕಾಲಂ ಎ4 ಹಾಳೆಯಲ್ಲಿ ಓದಲಾಗದೆಂದು ಎ3ಯಲ್ಲಿ ಅಡ್ಡಲಾಗಿ 40 ಪ್ರತಿ ತೆಗೆದರು. ಫಾಂಟ್ ಅಡಕವಾದ ಪಿಡಿಎಫ್ ಕೂಡ ಹಾಕಿಕೊಟ್ಟರು, ಎಲ್ಲಿ ತೆರೆದರೂ ಅಕ್ಷರ ಕೆಡದ ಹಾಗೆ.

ಬೆಚ್ಚಗಿನ ಕಟ್ಟು ಕೈಗೆ ಬಂದಾಗ 9:50. ಧನ್ಯವಾದ ಅಣ್ಣ.