ಬಡಿತದ ಲೆಕ್ಕ

ಕೊಪ್ಪಳ

ಚಿರಂಜೀವಿ ಬಸುವನಿಗೆ ದೊಡ್ಡವ್ವನ ಆಶೀರ್ವಾದ.

ಮನೆ ಕಡೆ ಸುದ್ದಿ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಬಿಡು. ನಿನ್ನ ಪತ್ರದ ಒಂದು ಮಾತು ನನ್ನ ನಿದ್ದೆ ಕೆಡಿಸಿದೆ. 'ಐವತ್ತಾಯಿತು, ಎದೆ ಎಷ್ಟು ಸಲ ಬಡಿಯಬೇಕು ಅಂತ ಮೊದಲೇ ಬರೆದಿರುತ್ತೆ, ಸುಮ್ನೆ ಯಾಕೆ ಖರ್ಚು ಮಾಡಲಿ' ಅಂತ ವಾಕಿಂಗ್ ಬಿಟ್ಟಿದ್ದೀಯಲ್ಲ. ಜಿಮ್‌ನಲ್ಲಿ ಕುಸಿದುಬಿದ್ದವರ ಸುದ್ದಿ ನೋಡಿರಬೇಕು, ಅಲ್ವಾ?

ಆ ಲೆಕ್ಕವನ್ನೇ ಹಾಕೋಣ. ಕೂತಾಗ ನಾಡಿ ನಿಮಿಷಕ್ಕೆ 75 ಅಂತ ಇಟ್ಟುಕೋ. ಅರ್ಧ ಗಂಟೆ ಬಿರುಸಾಗಿ ನಡೆದಾಗ 110 ಆದರೆ, ಜಾಸ್ತಿ ಖರ್ಚಾಗೋದು 1,050 ಬಡಿತ. ತಿಂಗಳುಗಟ್ಟಲೆ ನಡೆದವರ ಹೃದಯ ಒಂದೊಂದು ಸಲಕ್ಕೂ ಹೆಚ್ಚು ರಕ್ತ ನೂಕುತ್ತೆ, ಕೂತಾಗಿನ ನಾಡಿ ಇಳಿಯುತ್ತೆ. ಬರೀ ಐದು ಇಳಿದರೂ ದಿನಕ್ಕೆ ಏಳು ಸಾವಿರದಷ್ಟು ಉಳಿಯಿತು.

ದೊಡ್ಡಪ್ಪನಿಗೆ ಎದೆಯ ರೋಗ ಬಂದ ಸಂಗತಿ ನಿನಗೆ ಗೊತ್ತು. ಆಮೇಲಿನ ದಿನಗಳು ಗೊತ್ತಿಲ್ಲ. ಬಂದವರೆಲ್ಲ 'ಮಲಗಿರಲಿ, ಎಬ್ಬಿಸಬೇಡಿ' ಅಂದರು. ನೀರಿನ ತಂಬಿಗೆಯನ್ನೂ ನಾವೇ ಬಾಯಿಗೆ ಹಿಡಿದೆವು. ದಿನವಿಡೀ ಕುಂಟೆ ಹೊಡೆಯುತ್ತಿದ್ದ ಮನುಷ್ಯ, ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು ಬಂದು ಗೋಡೆ ಹಿಡಿದು ನಿಲ್ಲುತ್ತಿದ್ದರು. ಎಲ್ಲಾ ಎದೆಯ ರೋಗ ಅಂದುಕೊಂಡೆವು. ಹೊರಸು ಕೂಡ ತಾಕತ್ತು ತಿನ್ನುತ್ತೆ ಅಂತ ಯಾರೂ ಹೇಳಲಿಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಹುಡುಗರನ್ನು ಮೂರು ವಾರ ಮಲಗಿಸಿಯೇ ಇಟ್ಟು ನೋಡಿದರಂತೆ. 30 ವರ್ಷದ ಮೇಲೆ ಅದೇ ಐವರನ್ನು ಪರೀಕ್ಷೆ ಮಾಡಿದರು. ಅಷ್ಟು ವರ್ಷದ ಮುಪ್ಪಿಗಿಂತ ಆ ಮೂರು ವಾರದ ಹಾಸಿಗೆಯೇ ಅವರನ್ನು ಹೆಚ್ಚು ಸೊರಗಿಸಿತ್ತು! ಬಡಿತ ಉಳಿಸೋಕೆ ಅಂತ ನೀನು ಕೂತಿರುವುದು ನನಗೆ ಹೆದರಿಕೆ ತರೋದು ಇದಕ್ಕೇ.

ವಯಸ್ಸಾದಂತೆ ಹೃದಯ ಗಡುಸಾಗುತ್ತೆ. ನಿನ್ನ ವಯಸ್ಸಿನ ಆಸುಪಾಸಿನವರು ಎರಡು ವರ್ಷ ಬಿಡದೆ ವ್ಯಾಯಾಮ ಮಾಡಿದಾಗ ಆ ಗಡುಸು ಕಡಿಮೆಯಾದದ್ದನ್ನು 2018ರಲ್ಲಿ ಆ ಡಲ್ಲಾಸ್‌ನವರೇ ತೋರಿಸಿದ್ದಾರೆ. 65 ದಾಟಿ ಶುರು ಮಾಡಿದವರಿಗೆ ಒಂದು ವರ್ಷದಲ್ಲಿ ಆ ಫಲ ಸಿಗಲಿಲ್ಲ. ನನ್ನ ಕಾಲ ಹೋಯಿತು, ತಮ್ಮಾ. ನಿನ್ನದು ಇನ್ನೂ ಇದೆ.

ನಿನ್ನ ಹೆದರಿಕೆ ಪೂರ್ತಿ ಸುಳ್ಳು ಅನ್ನಲಾರೆ. ವರ್ಷಗಟ್ಟಲೆ ಕೂತವರು ಒಮ್ಮೆಲೇ ಜೋರು ಮಾಡಿದರೆ ಅಪಾಯವೇ. ಅಂಜನಾದ್ರಿಯ 575 ಮೆಟ್ಟಿಲು ಈಗಲೇ ಬೇಡ. ಬಿಸಿಲೇರುವ ಮೊದಲು ನಡಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು ಸಾಕು. ಎದೆ ಬಿಗಿದರೆ, ತಣ್ಣನೆ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಿದರೆ ನಿಂತುಬಿಡು, ತಕ್ಷಣ ದವಾಖಾನೆಗೆ ಹೋಗು. ನಿನಗೆ ಹೇಳಿಕೊಡೋಕೆ ನಾನೇನು ಡಾಕ್ಟರಲ್ಲ, ಬೇಜಾರಾಗಬೇಡ. ಮೊದಲು ಬಿಪಿ, ಇಸಿಜಿ ಮಾಡಿಸಿ, ಡಾಕ್ಟರ್ ಏನಂದರು ಅಂತ ಬರೆ.

ನಿನ್ನ ದೊಡ್ಡವ್ವ