ಇನ್ನೂರು ಯೂನಿಟ್ಟಿನ ಗೆರೆ ಮತ್ತು ನಮ್ಮಪ್ಪನ ಉಸಿರು: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ನಿಮ್ಮ ಕಚೇರಿಯ ಹುಡುಗ ಸೀಲು ಹೊಡೆದುಕೊಟ್ಟ ಪ್ರತಿಗಳು ನನ್ನ ಬಳಿ ಭದ್ರವಾಗಿವೆ. ಸೀಲು ಚೆನ್ನಾಗಿ ಮೂಡಿದೆ. ಉತ್ತರ ಮಾತ್ರ ಬಂದಿಲ್ಲ. ಅದಕ್ಕೇ ಈ ಸಲ ನಾಲ್ಕು ಜನ ಓದಲಿ ಅಂತ ಬಯಲಲ್ಲೇ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಇಷ್ಟೇ. ವೈದ್ಯರು ಬರೆದುಕೊಟ್ಟು ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಮೆಷಿನ್, ಇಟ್ಟುಕೊಂಡಿರುವವರಿಗೆ, ಅದು ಎಳೆಯುವ ಕರೆಂಟನ್ನು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕದಿಂದ ಹೊರಗಿಡಿ.

ನಮ್ಮ ತಂದೆ 27 ವರ್ಷ ಪೀಣ್ಯದ ಒಂದು ಸಣ್ಣ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುವ ಕೆಲಸ ಮಾಡಿದರು. ಎರಕ ಆರಿದ ಮೇಲೆ ಅಚ್ಚು ಒಡೆಯುವಾಗ ಏಳುವ ಧೂಳು ಕಣ್ಣಿಗೆ ಕಾಣುವುದಕ್ಕಿಂತ ಕಾಣದೇ ಇರುವುದೇ ಹೆಚ್ಚು. ಮೂಗಿಗೆ ಒಂದು ಟವೆಲ್ಲು, ಸಂಜೆ ಮನೆಗೆ ಬಂದ ಮೇಲೆ ಒಂದು ತುಂಡು ಬೆಲ್ಲ. ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆ ಅಂತ ಅಲ್ಲಿ ಎಲ್ಲರೂ ನಂಬಿದ್ದರು. ಇಳಿಯಲಿಲ್ಲ. ಸಿಲಿಕೋಸಿಸ್ ಅಂದರು ವೈದ್ಯರು. ಕಲ್ಲುಮರಳಿನ ಸಣ್ಣ ಪುಡಿ ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಕಟ್ಟುತ್ತದಂತೆ, ಕೆಲಸ ಬಿಟ್ಟ ಮೇಲೂ ಅದು ಬೆಳೆಯುತ್ತಲೇ ಇರುತ್ತದಂತೆ, ವಾಸಿ ಮಾಡುವ ಔಷಧಿ ಇಲ್ಲವಂತೆ. ಇದು ಕಾರ್ಖಾನೆಯವರು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಯಾರು ತಿಳಿಸಿದರು, ಯಾರಿಗೆ ತಿಳಿಸಿದರು ಅನ್ನುವುದಕ್ಕೆ ಇನ್ನೊಂದು ಪತ್ರವೇ ಬೇಕು. ಅದನ್ನು ಆಮೇಲೆ ಬರೆಯುತ್ತೇನೆ.

2023ರಲ್ಲಿ ಅಮ್ಮನ ಬಳೆ ಅಡವಿಟ್ಟು, ನಿಮಿಷಕ್ಕೆ ಐದು ಲೀಟರ್ ಕೊಡುವ ಮೆಷಿನ್ ತಂದೆವು. ಸಿಲಿಂಡರಿನ ಹಾಗೆ ಅದಕ್ಕೆ ಏನೂ ತುಂಬಿಸಬೇಕಾಗಿಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ನೈಟ್ರೋಜನ್ನು ಹಿಡಿದಿಟ್ಟು, ಆಮ್ಲಜನಕವನ್ನು ಕೊಳವೆಗೆ ಬಿಡುತ್ತದೆ. ಕರೆಂಟ್ ಇದ್ದರೆ ಪ್ರಾಣ, ಇಲ್ಲದಿದ್ದರೆ ಮೂಲೆಯಲ್ಲಿ ಕೂತ ಪೆಟ್ಟಿಗೆ. ದಿನಕ್ಕೆ 15 ಗಂಟೆಗೆ ಕಡಿಮೆ ಆಗಬಾರದು, ರಾತ್ರಿಯಂತೂ ತೆಗೆಯಲೇಬಾರದು ಅಂತ ವೈದ್ಯರ ಕಟ್ಟಪ್ಪಣೆ. ಮುನ್ನೂರು ವ್ಯಾಟಿಗೂ ಮೇಲೆ ಎಳೆಯುವ ಯಂತ್ರ 16 ಗಂಟೆ ಓಡಿದರೆ ದಿನಕ್ಕೆ ಐದು ಯೂನಿಟ್. ತಿಂಗಳಿಗೆ 150.

ಆ ವರ್ಷ ಆಗಸ್ಟಿನಿಂದ ಗೃಹಜ್ಯೋತಿಯ ಝೀರೋ ಬಿಲ್ ಬರತೊಡಗಿತು. ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಅದರ ಹೆಸರಲ್ಲೇ ನೀವು ಬ್ಯಾನರ್ ಕಟ್ಟಿಸಿದ್ದೀರಿ. 2022-23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ಉಚಿತ, ಅದಕ್ಕೂ ಮೇಲಾದರೆ ಹೆಚ್ಚಿನದಕ್ಕೆ ಮಾತ್ರ ದುಡ್ಡು, ಇನ್ನೂರು ದಾಟಿದರೆ ಪೂರಾ ಬಿಲ್. ನಮ್ಮ ಸರಾಸರಿ 62 ಯೂನಿಟ್. ಆಗ ಅಪ್ಪನಿಗೆ ಮೆಷಿನ್ ಇರಲಿಲ್ಲವಲ್ಲ! 62ಕ್ಕೆ 150 ಕೂಡಿಸಿ ನೋಡಿ, 212. ಬೀದಿಗೆಲ್ಲ ಸೊನ್ನೆ ಬಿಲ್ ಬಂದ ತಿಂಗಳು ನಮಗೆ ಪೂರಾ ಬಿಲ್ ಬಂತು. ಮೀಟರ್ ಓದಲು ಬಂದವನು ನಗುತ್ತಾ ಕೇಳಿದ: "ಏನಕ್ಕಾ, ಎಸಿ ಹಾಕ್ಸಿದ್ರಾ?"

ಅಪ್ಪ ಒಳಗಿನಿಂದ ಅದನ್ನು ಕೇಳಿಸಿಕೊಂಡರು. ಕೇಳಿಸಿಕೊಳ್ಳಬಾರದಿತ್ತು. ಅವತ್ತಿನಿಂದ ತಿಂಗಳ ಕೊನೆಯ ವಾರ ಬಂತೆಂದರೆ ಮಧ್ಯರಾತ್ರಿ ಮೆಷಿನ್ನಿನ ಗೊರಗೊರ ನಿಂತುಹೋಗುತ್ತಿತ್ತು. ಕರೆಂಟ್ ಹೋಯಿತೆಂದು ಗಾಬರಿಯಾಗಿ ಎದ್ದು ಬಂದರೆ ಫ್ಯಾನ್ ತಿರುಗುತ್ತಿರುತ್ತಿತ್ತು. ಅಪ್ಪ ಕೊಳವೆ ಬಿಚ್ಚಿಟ್ಟು, ಟಾರ್ಚ್ ಹಿಡಿದು, ಬಾಗಿಲ ಪಕ್ಕದ ಮೀಟರಿನ ಮುಂದೆ ಗೋಡೆಗೆ ಒರಗಿ ನಿಂತಿರುತ್ತಿದ್ದರು. ತುಟಿ ನೀಲಿ. "ಇನ್ನು ಹನ್ನೊಂದು ಯೂನಿಟ್ ಐತಮ್ಮ, ಮೂರು ದಿನ ತಳ್ಳಬೇಕು" ಅಂತಿದ್ದರು. ನಾನು ಕೂಗಾಡಿದ್ದೇನೆ, ಅತ್ತಿದ್ದೇನೆ, ಟಾರ್ಚನ್ನು ಬಚ್ಚಿಟ್ಟಿದ್ದೇನೆ. ಆಮೇಲೆ ಮೊಬೈಲ್ ಬೆಳಕಲ್ಲಿ ನೋಡಲು ಶುರುಮಾಡಿದರು.

ಕರೆಂಟ್ ಆಫೀಸಿಗೆ ಅರ್ಜಿ ಹಿಡಿದುಕೊಂಡು ಹೋದೆ. ಕರೆಂಟ್ ಕನೆಕ್ಷನ್ನಿನ ಆರ್‌ಆರ್ ನಂಬರ್ ತಂದೆಯ ಹೆಸರಲ್ಲಿದೆ, ಅವರೇ ಬಂದು ಸಹಿ ಹಾಕಬೇಕು ಅಂದರು. ಸಾರ್, ಅವರು ಆಕ್ಸಿಜನ್ ಮೇಲಿದ್ದಾರೆ ಅಂದೆ. "ಆಟೋದಲ್ಲಿ ಕರ್ಕೊಂಡು ಬನ್ನಿ." ಕರೆದುಕೊಂಡು ಹೋದೆವು, ಮಾನ್ಯರೇ. ಸಿಲಿಂಡರ್ ಬಾಡಿಗೆಗೆ ತಂದು, ಆಟೋದಲ್ಲಿ ಅಪ್ಪನ ಎರಡು ಕಾಲಿನ ನಡುವೆ ಇಟ್ಟುಕೊಂಡು. ಕೌಂಟರ್ ಇದ್ದದ್ದು ಮೊದಲನೇ ಮಹಡಿಯಲ್ಲಿ. 22 ಮೆಟ್ಟಿಲು. ನಾನು ಎಣಿಸಿದ್ದೇನೆ, ಯಾಕೆಂದರೆ ಪ್ರತಿ ಎರಡು ಮೆಟ್ಟಿಲಿಗೆ ಅಪ್ಪ ನಿಲ್ಲುತ್ತಿದ್ದರು. ಸಿಲಿಂಡರ್ ಎತ್ತಿದ್ದು ಆಟೋ ಡ್ರೈವರ್. ಆ ಪುಣ್ಯಾತ್ಮ ಕಾಯುವ ಚಾರ್ಜೂ ತೆಗೆದುಕೊಳ್ಳಲಿಲ್ಲ. ಮೇಲೆ ಹೋದ ಮೇಲೆ ಗುಮಾಸ್ತರು ಅರ್ಜಿ ಓದಿದರು, ಅಪ್ಪನ ಮೂಗಿನ ಕೊಳವೆ ನೋಡಿದರು, ಕಂಪ್ಯೂಟರ್ ನೋಡಿದರು. "ಇದಕ್ಕೆ ಸಾಫ್ಟ್‌ವೇರ್‌ನಲ್ಲಿ ಆಪ್ಷನ್ ಇಲ್ಲಮ್ಮ. ಎಂಎಲ್‌ಎ ಹತ್ರ ಹೋಗಿ." ಅಪ್ಪ ಅವರಿಗೆ ಕೈ ಮುಗಿದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಗುಮಾಸ್ತರ ಮೇಲಲ್ಲ, ಆ ಕೈ ಮುಗಿದದ್ದಕ್ಕೆ.

ಎಂಎಲ್‌ಎ ಹತ್ತಿರ ಬಂದೆ. ಮೂರು ಪತ್ರ. ಮೂರು ಸೀಲು.

ಅಪ್ಪ 2024ರ ಕಾರ್ತಿಕದಲ್ಲಿ ಹೋದರು. ವರ್ಷದ ತಿಥಿಗೆಂದು ಕೂಡಿಟ್ಟ ದುಡ್ಡಲ್ಲಿ ನಾಲ್ಕು ಜನಕ್ಕಷ್ಟೇ ಊಟ ಹಾಕಿ, ಉಳಿದದ್ದನ್ನೂ ಅಪ್ಪನ ಮೆಷಿನ್ನನ್ನೂ ಶ್ವಾಸಕೋಶದ ರೋಗಿಗಳಿಗೆ ಕೆಲಸ ಮಾಡುವ ಒಂದು ಪುಟ್ಟ ಟ್ರಸ್ಟಿಗೆ ಕೊಟ್ಟೆವು. ನಮ್ಮ ಸೋದರತ್ತೆ ಇನ್ನೂ ಮಾತು ಬಿಟ್ಟಿದ್ದಾರೆ, ಹೋಳಿಗೆ ಊಟ ಹಾಕದೆ ಪೆಟ್ಟಿಗೆ ದಾನ ಮಾಡುವುದು ಯಾವೂರ ಶಾಸ್ತ್ರ ಅಂತ. ನಿವೃತ್ತ ನರ್ಸ್ ಒಬ್ಬರು ಮತ್ತು ಅವರ ಸ್ನೇಹಿತರು ಸೇರಿ ಒಂದು ಗ್ಯಾರೇಜಿನಲ್ಲಿ ನಡೆಸುವ ಟ್ರಸ್ಟ್ ಅದು. ಬಡವರ ಮನೆಗೆ ಬಾಡಿಗೆಯಿಲ್ಲದೆ ಮೆಷಿನ್ ಕೊಡುತ್ತಾರೆ, ಫಿಲ್ಟರ್ ತೊಳೆಯುವುದು ಹೇಗೆಂದು ಕಲಿಸುತ್ತಾರೆ, ಬೇಡವಾದಾಗ ವಾಪಸ್ ತರುತ್ತಾರೆ. ಇಂಥವರಿಗೆ ಮೆಷಿನ್ ಸಾಲದೇನೋ ಅಂದುಕೊಂಡು ಹೋದರೆ, ಒಳಗೆ ಸಾಲಾಗಿ ಇಟ್ಟಿದ್ದಾರೆ! 2021ರ ಏಪ್ರಿಲ್, ಮೇ ತಿಂಗಳಲ್ಲಿ, ಕೋವಿಡ್ ಹೊತ್ತಿನಲ್ಲಿ, ಇಡೀ ಬೆಂಗಳೂರು ಬಾಯಿ ಬಾಯಿ ಬಿಟ್ಟು ಹುಡುಕಿದ ಮೆಷಿನ್‌ಗಳು. ಒಂದೆರಡರ ಮೇಲೆ ನೀವು ಹಂಚುವಾಗ ಅಂಟಿಸಿದ ನಿಮ್ಮ ಫೋಟೊ ಇನ್ನೂ ಇದೆ. ಧೂಳು ಕೂತಿತ್ತು, ಸೆರಗಲ್ಲಿ ಒರೆಸಿ ಬಂದೆ.

ಯಾಕೆ ಯಾರಿಗೂ ಕೊಟ್ಟಿಲ್ಲ ಅಂದರೆ ಆ ನರ್ಸಮ್ಮ ಹೇಳಿದರು: "ಕೊಡ್ತೀವಿ, ವಾಪಸ್ ತಂದಿಡ್ತಾರೆ. ಮೆಷಿನ್ ಫ್ರೀ, ಕರೆಂಟ್ ಫ್ರೀ ಅಲ್ವಲ್ಲ."

ಅಪ್ಪನ ಮೆಷಿನ್ ಒಬ್ಬ ಹೂ ಮಾರುವ ಹೆಂಗಸಿನ ಮನೆಗೆ ಹೋಯಿತು, ಆಕೆಯ ಗಂಡನಿಗೆ. 26 ದಿನಕ್ಕೆ ವಾಪಸ್ ಬಂತು. ಈ ಯಂತ್ರಗಳಲ್ಲಿ ಎಷ್ಟು ಗಂಟೆ ಓಡಿತು ಅಂತ ತೋರಿಸುವ ಒಂದು ಚಿಕ್ಕ ಮೀಟರ್ ಇರುತ್ತದೆ. ನಾವು ಕೊಟ್ಟಾಗಿನ ಅಂಕಿಯನ್ನು ನಾನು ಬರೆದಿಟ್ಟುಕೊಂಡಿದ್ದೆ. 26 ದಿನದಲ್ಲಿ ಓಡಿದ್ದು 143 ಗಂಟೆ. ದಿನಕ್ಕೆ ಐದೂವರೆ.

ಇದು ಇಂಧನ ಇಲಾಖೆಯ ವಿಷಯ, ನಮ್ಮ ಕೈಯಲ್ಲಿಲ್ಲ ಅಂತ ನಿಮ್ಮ ಆಪ್ತ ಸಹಾಯಕರು ಫೋನಿನಲ್ಲಿ ಹೇಳಿದರು. ಗೊತ್ತು ಸ್ವಾಮಿ. ಇಲಾಖೆಯನ್ನು ಕೇಳಲಿ ಅಂತಲೇ ನಿಮ್ಮನ್ನು ಕಳಿಸಿದ್ದು. ಅಧಿವೇಶನಕ್ಕೆಂದು ಬೆಳಗಾವಿಗೆ ಹೋಗಿಬರುತ್ತೀರಿ, ಮಂತ್ರಿಗಳು ಸದನದಲ್ಲೇ ಬಾಯಿಬಿಟ್ಟು ಉತ್ತರ ಹೇಳಬೇಕಾದ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳುವುದಕ್ಕೆ ಏನು ಖರ್ಚು? ಹತ್ತು ಎಚ್‌ಪಿವರೆಗಿನ ರೈತರ ಪಂಪ್‌ಸೆಟ್ಟಿಗೆ ಬೇರೆ ಲೆಕ್ಕ ಇಟ್ಟಿದ್ದೀರಿ. ಇರಲಿ, ಇರಬೇಕು, ನಮ್ಮ ತಾತನದೂ ಹೊಲವೇ. ಮನುಷ್ಯನ ಎದೆಗೂಡಿನ ಪಂಪಿಗೆ ಒಂದು ಲೆಕ್ಕ ಇಡಲು ಆಗುವುದಿಲ್ಲವೇ? ಇಂಗ್ಲೆಂಡಿನಲ್ಲಿ ಮನೆಗೆ ಮೆಷಿನ್ ಕೊಡುವ ಕಂಪನಿಯೇ ಅದರ ಕರೆಂಟ್ ಖರ್ಚನ್ನೂ ರೋಗಿಗೆ ತುಂಬಿಕೊಡುತ್ತದೆ. ನಾನು ಅಷ್ಟೆಲ್ಲ ಕೇಳುತ್ತಿಲ್ಲ. ಎಣಿಸಬೇಡಿ ಅಂತಷ್ಟೇ ಕೇಳುತ್ತಿದ್ದೇನೆ.

ಸುಳ್ಳು ಚೀಟಿ ತರುತ್ತಾರೆ ಅನ್ನುತ್ತೀರಾ? ಬಂದು ನೋಡಿಕೊಂಡು ಹೋಗಲಿ. ಎಸಿ ಇದೆಯಾ ಅಂತ ನೋಡಲು ಬರುವವರಿಗೆ ಮೂಗಿನ ಕೊಳವೆ ಕಾಣದೇ ಇರುತ್ತದೆಯೇ.

ಮತ್ತೊಮ್ಮೆ ಬರೆಯುತ್ತೇನೆ, ಸೀಲು ಹೊಡೆಯುವ ಹುಡುಗನಿಗಾದರೂ ಬಾಯಿಪಾಠ ಆಗಲಿ: ವೈದ್ಯರ ಚೀಟಿ ಇರುವ ಮನೆಯ ಆಮ್ಲಜನಕದ ಮೆಷಿನ್ನಿನ ಯೂನಿಟ್ಟನ್ನು ಗೃಹಜ್ಯೋತಿಯ ಲೆಕ್ಕಕ್ಕೆ ಸೇರಿಸಬೇಡಿ. ಅರ್ಜಿಗೆ ರೋಗಿಯೇ ಬಂದು ಸಹಿ ಹಾಕಬೇಕು ಅನ್ನಬೇಡಿ. ಸಾಫ್ಟ್‌ವೇರ್‌ನಲ್ಲಿ ಒಂದು ಆಪ್ಷನ್ ಹಾಕಿಸಿ.

ಮೆಷಿನ್ ಸದ್ಯ ಗ್ಯಾರೇಜಿನಲ್ಲಿದೆ, ನಿಮ್ಮ ಫೋಟೊ ಇರುವುದರ ಪಕ್ಕದಲ್ಲೇ. ಹೂವಿನ ಹೆಂಗಸು ಮೊನ್ನೆ ಫೋನ್ ಮಾಡಿದ್ದರು. ಯಾರಿಗೂ ಕೊಡಬೇಡಿ, ಬೇಸಿಗೆ ಹೂವಿನ ವ್ಯಾಪಾರ ಚೆನ್ನಾಗಿ ಆದರೆ ಮತ್ತೆ ಒಯ್ಯುತ್ತೇನೆ ಅಂದರು.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು
ಮಾಗಡಿ ರಸ್ತೆ, ಬೆಂಗಳೂರು