ಹಿಂದಿನ ಸಾಲಿನ ಆರು ಕೋಣೆಗಳ ಬಗ್ಗೆ ನಮ್ಮ ಗ್ರಾಹಕರಿಗೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ನಾಯಿ ಬೋರ್ಡಿಂಗ್‌ನ ಹಿಂದಿನ ಸಾಲಿನ ಆರು ಕೋಣೆಗಳು ಬುಕಿಂಗ್‌ಗೆ ಸಿಗುವುದಿಲ್ಲ. ಅವುಗಳನ್ನು ನಾಯಿ ರೆಸ್ಕ್ಯೂ ಮಾಡುವ ಸ್ವಯಂಸೇವಕರಿಗೆ ಬಿಟ್ಟುಕೊಡಲು ಈ ಬೋರ್ಡಿಂಗ್ ನಡೆಸುವ ಸಹಕಾರಿಯ ಸದಸ್ಯರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಎಲ್ಲರೂ ಒಂದೇ ಮಾತಿಗೆ ಒಪ್ಪಿಬಿಟ್ಟರು ಅಂದರೆ ಸುಳ್ಳಾಗುತ್ತದೆ. ಮೂರು ಸಭೆ ಬೇಕಾಯಿತು, ಒಂದರಲ್ಲಿ ಸ್ವಲ್ಪ ಜೋರು ಮಾತೂ ನಡೆಯಿತು.

ದರ ಬದಲಾಗಿಲ್ಲ. ನಾಯಿಯನ್ನು ಬಿಡುವ, ಕರೆದುಕೊಂಡು ಹೋಗುವ ಸಮಯವೂ ಅದೇ. ಆದರೆ ಕೋಣೆ ಕಡಿಮೆಯಾಗಿರುವುದರಿಂದ ಸಾಲು ರಜೆ ಬರುವ ದಿನಗಳಿಗೆ ಮೊದಲಿಗಿಂತ ಬೇಗ ಬುಕ್ ಮಾಡಿ. ಹಿಂದಿನ ದಿನ ರಾತ್ರಿ ಫೋನ್ ಮಾಡಿದರೂ ಹೇಗೋ ಒಂದು ಜಾಗ ಮಾಡಿಕೊಡುತ್ತಿದ್ದೆವು, ಇನ್ನು ಅದು ಕಷ್ಟ.

‘ಸುಮ್ನೆ ಈ ಉಸಾಬರಿ ಯಾಕೆ?’ ಅಂತ ಕೆಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ ಉದ್ದವಾಗಿದೆ.

ರೆಸ್ಕ್ಯೂ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಎರಡು ಫೋಟೊ. ಒಂದರಲ್ಲಿ ಮೈಯೆಲ್ಲ ಕಜ್ಜಿಯಾಗಿ ಮೂಲೆಯಲ್ಲಿ ಮುದುಡಿದ ನಾಯಿ. ಇನ್ನೊಂದರಲ್ಲಿ ಅದೇ ನಾಯಿ ಯಾರದೋ ಸೋಫಾ ಮೇಲೆ ಕಾಲು ಚಾಚಿ ಮಲಗಿದೆ. ಈ ಎರಡರ ನಡುವೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸಮಯ ಇರುತ್ತದೆ. ಆಗ ನಾಯಿ ಎಲ್ಲಿರಬೇಕು? ಎಷ್ಟೋ ಸ್ವಯಂಸೇವಕ ತಂಡಗಳಿಗೆ ಸ್ವಂತ ಕಟ್ಟಡವೇ ಇಲ್ಲ. ಇರುವುದು ಒಂದಷ್ಟು ಫಾಸ್ಟರ್ ಮನೆಗಳು, ಅಂದರೆ ಸ್ವಲ್ಪ ದಿನ ನಾಯಿಯನ್ನು ಇಟ್ಟುಕೊಂಡು ನೋಡಿಕೊಳ್ಳುವವರ ಮನೆಗಳು. ಅವು ತುಂಬಿದವೆಂದರೆ ಮುಗಿಯಿತು. ಆಮೇಲೆ ಯಾರು ಫೋನ್ ಮಾಡಿದರೂ ‘ಜಾಗ ಇಲ್ಲ’ ಅನ್ನಲೇಬೇಕು. ನಮ್ಮ ಹತ್ತಿರ ಹಣ ಜಾಸ್ತಿ ಇಲ್ಲ, ಕೋಣೆ ಇದೆ. ಲೆಕ್ಕ ಅಷ್ಟೇ.

ಹೊಸ ನಾಯಿ ಬಂದಾಗ ಮೊದಲು ಮಾಡುವ ಕೆಲಸ ಅದರ ಹೆಗಲಿನ ಹತ್ತಿರ ಸ್ಕ್ಯಾನರ್ ಆಡಿಸುವುದು. ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಇರಬಹುದು. ಬೀದಿಯಲ್ಲಿ ಸಿಕ್ಕ ನಾಯಿಯನ್ನೆಲ್ಲ ಬಿಟ್ಟುಹೋದ ನಾಯಿ ಅಂತ ತಿಳಿಯಬಾರದು. ಅದು ತಪ್ಪಿಸಿಕೊಂಡು ಬಂದಿರಬಹುದು, ಯಾರೋ ಅಳುತ್ತಾ ಹುಡುಕುತ್ತಿರಬಹುದು. (ನಿಮ್ಮ ನಾಯಿಗೂ ಚಿಪ್ ಇದ್ದರೆ ಒಂದು ವಿಷಯ ಗಮನಿಸಿ. ಅದರಲ್ಲಿ ಇರುವುದು ಬರೀ ಒಂದು ನಂಬರ್. ನಾಯಿ ಎಲ್ಲಿದೆ ಅಂತ ಅದು ತೋರಿಸುವುದಿಲ್ಲ. ಆ ನಂಬರಿನ ಎದುರು ನಿಮ್ಮ ಹಳೆಯ ಫೋನ್ ನಂಬರ್ ಇದ್ದರೆ ಚಿಪ್ ಇದ್ದೂ ಇಲ್ಲದಂತೆ.)

ಆಮೇಲೆ 14 ದಿನ ಬೇರೆ ಇಡುವುದು. ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ಒಂದು ರಾತ್ರಿ ಯಾರೋ ತಂದುಕೊಟ್ಟ ಮರಿಯನ್ನು ಪಾಪ ಅಂತ ಮುಂದಿನ ಸಾಲಿನ ಖಾಲಿ ಕೋಣೆಗೇ ಬಿಟ್ಟೆವು. ನೋಡಲು ಚುರುಕಾಗಿತ್ತು. ನಾಲ್ಕನೇ ದಿನ ವಾಂತಿ, ರಕ್ತ ಬೆರೆತ ಭೇದಿ. ಪಾರ್ವೊ, ನಾಯಿಗಳ ಕರುಳಿಗೆ ತಗಲುವ ವೈರಸ್ ಕಾಯಿಲೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಚಪ್ಪಲಿಯಲ್ಲಿ, ಬಟ್ಟಲಿನಲ್ಲಿ ಊರೆಲ್ಲ ಸುತ್ತುತ್ತದೆ. ಸೋಪಿನ ನೀರಿಗೆ ಜಗ್ಗುವುದಿಲ್ಲ. ಮೊದಲು ಕೊಳೆಯನ್ನೆಲ್ಲ ಉಜ್ಜಿ ತೊಳೆದು, ಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಡಬೇಕು. ಮರಿ ಬದುಕಿತು. ನಿಮ್ಮ ನಾಯಿಗಳಿಗೆಲ್ಲ ಲಸಿಕೆ ಆಗಿದ್ದರಿಂದ ಬೇರೆ ಯಾವುದಕ್ಕೂ ಹರಡಲಿಲ್ಲ. ಆದರೂ ಆ ವಾರ ನಮಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅದಕ್ಕೇ ಹಿಂದಿನ ಸಾಲಿಗೆ ಈಗ ಬೇರೆ ಗೇಟು, ಬೇರೆ ಬಟ್ಟಲು, ಬೇರೆ ಪೊರಕೆ, ಬೇರೆ ಬೂಟು. ಅಲ್ಲಿ ಕೆಲಸ ಮಾಡುವವರು ಮುಂದಿನ ಸಾಲನ್ನು ಮೊದಲು ಮುಗಿಸಿಯೇ ಆ ಕಡೆ ಹೋಗುತ್ತಾರೆ. ನಿಮ್ಮ ಕಡೆಯಿಂದ ಬೇಕಾದದ್ದು ಒಂದೇ, ಲಸಿಕೆ ಕಾರ್ಡ್. ಅವಧಿ ಮುಗಿದ ಕಾರ್ಡ್ ತಂದರೆ, ಎಷ್ಟೇ ಹಳೆಯ ಗ್ರಾಹಕರಾದರೂ, ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಪ್ರಯೋಗಕ್ಕೆ ಅಂತ ಎರಡು ತಿಂಗಳ ಹಿಂದೆ ಒಂದು ನಾಯಿಯನ್ನು ಇಟ್ಟುಕೊಂಡಿದ್ದೆವು. ಹೆಸರು ಇರಲಿಲ್ಲ, ಐದನೇ ಕೋಣೆ ಅಂತಲೇ ಕರೆಯುತ್ತಿದ್ದೆವು. ಬಂದ ದಿನ ಗೋಡೆಗೆ ಮುಖ ಮಾಡಿ ಕೂತದ್ದು, ಕೂತೇ ಇತ್ತು. ದೀಪ ಆರಿಸಿ ನಾವು ಹೊರಗೆ ಹೋದ ಮೇಲೆ ಮಾತ್ರ ಊಟ. ಬೆಳಿಗ್ಗೆ ಬಟ್ಟಲು ಖಾಲಿ, ನಾಯಿ ಮತ್ತೆ ಗೋಡೆ ಕಡೆಗೆ. ಒಬ್ಬ ಸ್ವಯಂಸೇವಕಿ ದಿನಾ ಸಂಜೆ ಬಂದು ಬಾಗಿಲ ಬಳಿ ನೆಲದ ಮೇಲೆ ಕೂತು ಪುಸ್ತಕ ಓದುತ್ತಿದ್ದರು, ನಾಯಿಯ ಕಡೆ ನೋಡುತ್ತಲೇ ಇರಲಿಲ್ಲ. ಇದೆಂಥಾ ಸೇವೆ ಅಂತ ನಮಗೆ ನಗು. ಒಂಬತ್ತನೇ ದಿನ ಅದು ಹಿಂದಿನಿಂದ ಬಂದು ಅವರ ಮೊಣಕೈ ಮೂಸಿತು. ಅವರು ಪುಟ ತಿರುಗಿಸಿದರು, ಅಷ್ಟೇ. ಆಮೇಲೆ ನಾವು ನಗಲಿಲ್ಲ.

ಇಂಥ ನಾಯಿಯನ್ನು ಕೋಣೆಯಲ್ಲೇ ನೋಡಿ ಅದರ ಸ್ವಭಾವ ಇಂಥದ್ದು ಅಂತ ಹೇಳಲು ಆಗುವುದಿಲ್ಲ. ಬೆಕ್ಕನ್ನು ಕಂಡರೆ ಏನು ಮಾಡುತ್ತದೆ, ಒಂಟಿಯಾಗಿ ಬಿಟ್ಟರೆ ಬಾಗಿಲು ಕೆರೆಯುತ್ತದಾ, ಮಗು ಅತ್ತರೆ ಬೆದರುತ್ತದಾ ಅಂತ ತಿಳಿಯುವುದು ಫಾಸ್ಟರ್ ಮನೆಯಲ್ಲೇ. ಹಾಗಾಗಿ ನಮ್ಮ ಕೋಣೆ ನಡುವಿನ ಒಂದು ನಿಲ್ದಾಣ ಮಾತ್ರ. ಇಲ್ಲಿ ತಪಾಸಣೆ, ಲಸಿಕೆ, ಜಂತಿನ ಔಷಧ, ಅದಕ್ಕೆ ತಕ್ಕ ವಯಸ್ಸಾಗಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಅಲ್ಲಿಂದ ಫಾಸ್ಟರ್ ಮನೆ, ಆಮೇಲೆ ದತ್ತು. ಕೆಲವರು ಫಾಸ್ಟರ್ ಅಂತ ಕರೆದುಕೊಂಡು ಹೋಗಿ ಕೊನೆಗೆ ತಾವೇ ಇಟ್ಟುಕೊಂಡುಬಿಡುತ್ತಾರೆ. ತಂಡದವರು ಇದನ್ನು ತಮಾಷೆಗೆ ‘ಫಾಸ್ಟರ್ ಫೇಲ್’ ಅನ್ನುತ್ತಾರೆ. ಐದನೇ ಕೋಣೆಯ ಕಥೆ ಹಾಗೇ ಆಯಿತು, ಪುಸ್ತಕದವರ ಮನೆಯಲ್ಲೇ ಉಳಿಯಿತು.

ನಿಮ್ಮಲ್ಲಿ ಯಾರಿಗಾದರೂ ಈ ನಾಯಿಗಳಲ್ಲಿ ಒಂದು ಬೇಕು ಅನ್ನಿಸಿದರೆ ತುಂಬಾ ಸಂತೋಷ. ಆದರೆ ಕೊಡುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ತಂಡದವರು ಅರ್ಜಿ ತುಂಬಿಸುತ್ತಾರೆ, ಫೋನಿನಲ್ಲಿ ಮಾತಾಡುತ್ತಾರೆ, ಮನೆ ನೋಡಲು ಬರುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ, ಹಗಲು ಯಾರು ಇರುತ್ತಾರೆ, ಮನೆಯವರೆಲ್ಲರಿಗೂ ಇಷ್ಟ ಇದೆಯಾ ಅಂತೆಲ್ಲ ಕೇಳುತ್ತಾರೆ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಲ್ಲ ಅಂತ ಒಬ್ಬ ಗ್ರಾಹಕರು ಗೊಣಗಿದ್ದರು. ಕೆಲವು ತಂಡಗಳು ಅತಿ ಮಾಡುತ್ತವೆ ಅನ್ನುವುದು ನಮಗೂ ಗೊತ್ತು. ಅಂಗಳ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಮನೆ ಬೇಡ ಅನ್ನುವುದು ನಮಗೆ ಸರಿ ಕಾಣುವುದಿಲ್ಲ. ಆದರೆ ಒಮ್ಮೆ ಬಿಟ್ಟುಹೋದ ನಾಯಿಯನ್ನು ಇನ್ನೊಮ್ಮೆ ಯಾರೂ ಬಿಟ್ಟುಹೋಗಬಾರದು ಅಂತ ಅವರು ಕೇಳುತ್ತಾರೆ. ಒಪ್ಪಂದದಲ್ಲೂ ಒಂದು ಸಾಲು ಇರುತ್ತದೆ: ಸಾಕಲು ಆಗದಿದ್ದರೆ ನಾಯಿ ತಂಡಕ್ಕೇ ವಾಪಸು ಬರಬೇಕು, ಬೇರೆ ಯಾರಿಗೂ ಕೊಡುವಂತಿಲ್ಲ. ಹಾಗೆ ವಾಪಸು ತಂದವರನ್ನು ಯಾರೂ ಬೈಯುವುದಿಲ್ಲ.

ದತ್ತು ಶುಲ್ಕದ ಬಗ್ಗೆಯೂ ಮಾತು ಬರುತ್ತದೆ. ಕಾಯಿಲೆ ಬಿದ್ದ ಒಂದೇ ಒಂದು ನಾಯಿಯ ವೈದ್ಯರ ಬಿಲ್ಲು ನೋಡಿದರೆ ಆ ಶುಲ್ಕ ಎಲ್ಲಿಗೂ ಸಾಲದು ಅಂತ ತಿಳಿಯುತ್ತದೆ.

ಮನೆಗೆ ಕರೆದುಕೊಂಡು ಹೋದ ಮೊದಲ ವಾರ ಬಾಗಿಲ ಕಡೆ ಕಣ್ಣಿರಲಿ. ಆಗಲೇ ನಾಯಿಗಳು ತಪ್ಪಿಸಿಕೊಳ್ಳುವುದು ಜಾಸ್ತಿ. ಹಗ್ಗ ಹಿಡಿದೇ ಗೇಟು ತೆಗೆಯಿರಿ. ನಿಮ್ಮ ಹಳೆಯ ನಾಯಿಗೆ ಹೊಸದನ್ನು ಮನೆಯೊಳಗೆ ಪರಿಚಯ ಮಾಡಿಸಬೇಡಿ. ಹೊರಗೆ, ಎರಡಕ್ಕೂ ಹೊಸದಾದ ಜಾಗದಲ್ಲಿ, ಪಕ್ಕಪಕ್ಕದಲ್ಲಿ ನಡೆಸಿಕೊಂಡು ಬನ್ನಿ. ಮೂರು ದಿನ ಗಾಬರಿ, ಮೂರು ವಾರ ರೂಢಿ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುವ ಭಾವ. ತಂಡದವರ ಬಾಯಲ್ಲಿ ಇರುವ ಲೆಕ್ಕ ಇದು. ಎಲ್ಲ ನಾಯಿಗಳೂ ಕ್ಯಾಲೆಂಡರ್ ನೋಡುವುದಿಲ್ಲ, ಅಲ್ವಾ?

ಈಗಾಗಲೇ ಹಿಂದಿನ ಸಾಲಿನಲ್ಲಿ ಬುಕ್ ಮಾಡಿದವರಿಗೆ ಅದೇ ದಿನಗಳಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡುತ್ತೇವೆ. ಬೇಡ ಅನ್ನುವವರಿಗೆ ಮುಂಗಡ ಪೂರ್ತಿ ವಾಪಸು.

ಹಳೆಯ ಬೆಡ್‌ಶೀಟ್, ಟವೆಲ್ ಇದ್ದರೆ ಒಗೆದು ತಂದುಕೊಡಿ, ಹಿಂದಿನ ಗೇಟಿನ ಹತ್ತಿರ ಡಬ್ಬ ಇಟ್ಟಿದ್ದೇವೆ. ದಿಂಬು ಮಾತ್ರ ಬೇಡ. ಹೋದ ವಾರ ಒಂದು ದಿಂಬಿನ ಹತ್ತಿ ಆರಿಸಲು ಇಬ್ಬರಿಗೆ ಅರ್ಧ ದಿನ ಹಿಡಿಯಿತು.

ಇಂತಿ,
ಸಹಕಾರಿಯ ಎಲ್ಲ ಸದಸ್ಯರ ಪರವಾಗಿ